ಬುತ್ತಿ ಮುಟ್ಟಿತೇ? ನೆಟ್‌ವರ್ಕಿನ ಪದರಗಳ ಬಗ್ಗೆ ಒಂದು ಪ್ರಶ್ನೆ, ಒಂದು ಉತ್ತರ

ಪ್ರಶ್ನೆ: ಸರ್, ನಾನು ಸಿಂಧನೂರು ತಾಲ್ಲೂಕಿನವಳು. ರಾಯಚೂರಿನ ಹಾಸ್ಟೆಲ್‌ನಲ್ಲಿದ್ದು ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ರಜೆಯಲ್ಲಿ ಊರಿಗೆ ಹೋದಾಗ ಅಣ್ಣನ ಆನ್‌ಲೈನ್ ಸೆಂಟರ್ ನೋಡಿಕೊಳ್ಳುತ್ತೇನೆ. ನೆಟ್‌ವರ್ಕಿನ ಏಳು ಪದರಗಳ ಹೆಸರು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಬಾಯಿಪಾಠ ಬರುತ್ತವೆ. ಪರೀಕ್ಷೆಯಲ್ಲಿ ಅಂಕವೂ ಬಂದಿವೆ. ಆದರೆ ಹೋದ ತಿಂಗಳು ಕರೆಂಟ್ ಹೋಗಿ ಬಂದ ಮೇಲೆ ಸೆಂಟರ್‌ನ ಮೂರು ಕಂಪ್ಯೂಟರ್‌ಗಳ ಪೈಕಿ ಹಳೆಯದೊಂದರಲ್ಲಿ ಮಾತ್ರ ಬೇಕಾದ ಯಾವ ವೆಬ್‌ಸೈಟೂ ತೆರೆಯಲಿಲ್ಲ. ಸಂಪರ್ಕ ಸುರಕ್ಷಿತವಲ್ಲ ಎಂಬ ಸೂಚನೆ ಬರುತ್ತಿತ್ತು. ಕೆಳಗಿನ ಮೂಲೆಯಲ್ಲಿ ನೋಡಿದರೆ ಇಂಟರ್ನೆಟ್ ಇದೆ ಅಂತಲೇ ತೋರಿಸುತ್ತಿತ್ತು. ನನ್ನ ಏಳು ಪದರಗಳು ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಈ ಪದರಗಳು ನಿಜವಾಗಿ ಎಲ್ಲಿರುತ್ತವೆ? ಯಾಕೆ ಬೇಕು? ಮೊದಲಿನಿಂದ ಹೇಳಿಕೊಡುತ್ತೀರಾ?

ಉತ್ತರ: ತಂಗಿ, ಪದರಗಳು ಎಲ್ಲಿರುತ್ತವೆ ಎಂದು ಕೇಳಿದ್ದೀರಲ್ಲ, ಅದು ಬಹಳ ಸರಿಯಾದ ಪ್ರಶ್ನೆ. ಏಳು ಹೆಸರು ಹೇಳಿಕೊಡುವವರು ಊರಿಗೊಬ್ಬರು ಸಿಗುತ್ತಾರೆ. ಅವು ಇರುವ ಜಾಗ ಕೈಮಾಡಿ ತೋರಿಸುವವರು ಕಡಿಮೆ. ಜಾಗ ನೋಡದೆ ಹೆಸರು ಕಲಿತರೆ ನಿಮಗಾದದ್ದೇ ಎಲ್ಲರಿಗೂ ಆಗುತ್ತದೆ.

ಇದು ಪರೀಕ್ಷೆಗಷ್ಟೇ ಸೇರಿದ ಮಾತೂ ಅಲ್ಲ. ನಮ್ಮ ಕಡೆಯ ಸೆಂಟರ್‌ಗಳಲ್ಲಿ ಏನು ಕೆಟ್ಟರೂ ಒಂದೇ ಉತ್ತರ: "ಸರ್ವರ್ ಇಲ್ಲರೀ, ನಾಳೆ ಬರ್ರಿ." ಕೇಬಲ್ ಸಡಿಲಾಗಿದ್ದರೂ ಸರ್ವರ್ ಇಲ್ಲ, ರೂಟರ್ ಕಾದು ನಿಂತಿದ್ದರೂ ಸರ್ವರ್ ಇಲ್ಲ. ಪಹಣಿಗೋ ಬೆಳೆ ವಿಮೆಗೋ ಒಂದು ದಿನದ ಕೂಲಿ ಬಿಟ್ಟು ಬಂದವರು ಆ ಮಾತು ನಂಬಿ ಬಸ್ಸು ಹತ್ತಿ ವಾಪಸ್ ಹೋಗುತ್ತಾರೆ. ಬಳ್ಳಾರಿಯಲ್ಲಿ 23 ವರ್ಷ ಕೇಬಲ್ ಎಳೆದು, ಕೆಟ್ಟದ್ದನ್ನು ಸರಿಮಾಡಿ, ನಿಮ್ಮಂಥ ಹುಡುಗ ಹುಡುಗಿಯರಿಗೆ ಕಲಿಸುತ್ತ ಬಂದವನು ನಾನು. ಈ ಒಂದು ಸುಳ್ಳು ಉತ್ತರದಷ್ಟು ನನ್ನ ಮನಸ್ಸಿಗೆ ನೋವು ಕೊಟ್ಟದ್ದು ಬೇರೆ ಇಲ್ಲ. ಪದರಗಳನ್ನು ಸರಿಯಾಗಿ ತಿಳಿದವರು "ಹತ್ತು ನಿಮಿಷ ಕೂಡ್ರಿ, ಆಗ್ತದ" ಎನ್ನಬಲ್ಲರು. ಸರ್ವರ್ ನಿಜಕ್ಕೂ ನಿಂತಿದ್ದರೆ ಅದನ್ನೂ ಖಚಿತವಾಗಿ ಹೇಳಬಲ್ಲರು. ಅದಕ್ಕೇ ಉದ್ದವಾಗಿ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಹಾಸ್ಟೆಲ್‌ನಲ್ಲಿರುವವರಿಗೆ ಬುತ್ತಿ ಗೊತ್ತು, ಅಲ್ಲಿಂದಲೇ ಶುರು ಮಾಡೋಣ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಡಬ್ಬಿಗೆ ತುಂಬುತ್ತಾಳೆ. ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೇಲೆ ಚೀಟಿ ಹಚ್ಚುತ್ತಾಳೆ: ಕೋಣೆ ನಂಬರ್, ಹಾಸ್ಟೆಲ್, ರಾಯಚೂರು. ಅಣ್ಣ ಅದನ್ನು ಊರಿನ ಬಸ್ಸಿಗೆ ಕೊಡುತ್ತಾನೆ. ಸಿಂಧನೂರು ಬಸ್ ನಿಲ್ದಾಣದಲ್ಲಿ ಪರಿಚಯದವರೊಬ್ಬರು ಇಳಿಸಿಕೊಂಡು, ಮಾನ್ವಿ ಮೇಲೆ ಹೋಗುವ ರಾಯಚೂರು ಬಸ್ಸಿಗೆ ಏರಿಸುತ್ತಾರೆ. ರಾಯಚೂರಿನಲ್ಲಿ ಹಾಸ್ಟೆಲ್ ಕಾವಲುಗಾರ ತಂದು, ಕೋಣೆ ನಂಬರ್ ನೋಡಿ ಮುಟ್ಟಿಸುತ್ತಾನೆ. ಸಂಜೆ ನಿಮ್ಮ ಫೋನು: "ಅವ್ವಾ, ಬುತ್ತಿ ಮುಟ್ಟಿತು."

ಇದರಲ್ಲಿ ಯಾರಿಗೆ ಏನು ಗೊತ್ತು, ಯಾರಿಗೆ ಏನು ಗೊತ್ತಿಲ್ಲ ಎಂದು ನೋಡಿ. ಊರಿನ ಬಸ್ಸಿನ ಕಂಡಕ್ಟರ್‌ಗೆ ಡಬ್ಬಿಯಲ್ಲಿ ರೊಟ್ಟಿಯೋ ಹೋಳಿಗೆಯೋ ತಿಳಿಯದು. ಸಿಂಧನೂರಿನಲ್ಲಿ ಇಳಿಸಿದರೆ ಅವನ ಕೆಲಸ ಮುಗಿಯಿತು. ಸಿಂಧನೂರಿನವರು ಚೀಟಿಯಲ್ಲಿ ರಾಯಚೂರು ಎಂಬುದನ್ನಷ್ಟೇ ಓದುತ್ತಾರೆ, ಕೋಣೆ ನಂಬರ್ ಅವರಿಗೆ ಬೇಕಿಲ್ಲ. ಯಾವ ಬಸ್ಸು, ಯಾವ ದಾರಿ ಎಂಬುದು ಅವ್ವನಿಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ನಾಳೆ ಡೀಸೆಲ್ ಬಸ್ಸು ಹೋಗಿ ಎಲೆಕ್ಟ್ರಿಕ್ ಬಸ್ಸು ಬಂದರೆ ಅವ್ವ ರೊಟ್ಟಿ ಬಡಿಯುವ ರೀತಿ ಬದಲಾಗುವುದಿಲ್ಲ. ರೊಟ್ಟಿ ಬಿಟ್ಟು ಹೋಳಿಗೆ ಕಳಿಸಿದರೆ ಬಸ್ಸನ್ನು ಬದಲಿಸಬೇಕಿಲ್ಲ. ಪದರ ಎಂದರೆ ಇದು. ಕೆಲಸವನ್ನಷ್ಟೇ ಹಂಚಿಕೊಂಡಿಲ್ಲ, ಇನ್ನೊಬ್ಬರ ಕೆಲಸವನ್ನು ತಿಳಿಯದೆ ಇರುವ ಹಕ್ಕನ್ನೂ ಹಂಚಿಕೊಂಡಿದ್ದಾರೆ. ಪ್ರತಿ ಪದರವೂ ತನ್ನ ಕೆಳಗಿನದನ್ನು ಒಂದೇ ಒಂದು ಕೆಲಸಕ್ಕೆ ನಂಬುತ್ತದೆ, ಅದು ಹೇಗೆ ಮಾಡುತ್ತದೆ ಎಂದು ಕೇಳುವುದಿಲ್ಲ.

ಈಗ ಸೆಂಟರ್‌ಗೆ ಬರೋಣ. ಒಂದು ಸರ್ವರ್‌ನಿಂದ ಪಹಣಿಯ ಪಿಡಿಎಫ್ ಬರಬೇಕು, ಗಾತ್ರ 1,00,000 ಬೈಟ್ ಎಂದಿಟ್ಟುಕೊಳ್ಳಿ. ಬ್ರೌಸರ್ ಮತ್ತು ಆ ಕಡೆಯ ವೆಬ್ ಸರ್ವರ್ ತಂತ್ರಾಂಶ ಇವೆರಡೂ ಮಾತಾಡುವ ಭಾಷೆ ಎಚ್‌ಟಿಟಿಪಿ. ಇದು ಅತಿ ಮೇಲಿನ ಪದರ, ಅವ್ವ ಮತ್ತು ನೀವು ಇರುವ ಜಾಗ. ಈ ಪದರ ಇರುವುದು ಬ್ರೌಸರ್ ಎಂಬ ತಂತ್ರಾಂಶದ ಒಳಗೆ. ವಾಟ್ಸ್‌ಆ್ಯಪ್‌ಗೆ ವಾಟ್ಸ್‌ಆ್ಯಪ್‌ನದೇ ಬೇರೆ ಭಾಷೆ, ಇಮೇಲ್‌ಗೆ ಇನ್ನೊಂದು.

ಅದರ ಕೆಳಗೆ ಟಿಸಿಪಿ. ಇದನ್ನು ಹುಡುಕಲು ಬ್ರೌಸರ್ ಒಳಗೆ ಹೋಗಬೇಡಿ. ಅದು ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಇಂಥ ಕಾರ್ಯಾಚರಣೆ ವ್ಯವಸ್ಥೆಯ ತಿರುಳಿನಲ್ಲಿದೆ. ಸರ್ವರ್ ಕಡೆಯ ಟಿಸಿಪಿ ಆ ಲಕ್ಷ ಬೈಟುಗಳನ್ನು ತುಂಡು ಮಾಡುತ್ತದೆ. ಈಥರ್ನೆಟ್ಟಿನ ಒಂದು ಗಂಟಿನಲ್ಲಿ ಹಿಡಿಯುವುದು ಸಾಮಾನ್ಯವಾಗಿ 1500 ಬೈಟ್. ಅದರಲ್ಲಿ ಐಪಿಯ ಚೀಟಿಗೆ 20, ಟಿಸಿಪಿಯ ಚೀಟಿಗೆ 20 ಹೋದರೆ ಪಿಡಿಎಫ್‌ಗೆ ಉಳಿಯುವುದು 1460. ಲಕ್ಷವನ್ನು 1460ರಿಂದ ಭಾಗಿಸಿ: 69 ತುಂಡು. ದಾರಿಯಲ್ಲಿ ಬೇರೆಯವರು ಓದದಂತೆ ಬೀಗ ಹಾಕಿ ಕಳಿಸುವುದಕ್ಕೆ ಅಷ್ಟಿಷ್ಟು ಹೆಚ್ಚಾಗುತ್ತದೆ, ಸದ್ಯಕ್ಕೆ ಬಿಡಿ. ಪ್ರತಿ ತುಂಡಿನ ಮೇಲೆ ಟಿಸಿಪಿ ಬರೆಯುವ ಚೀಟಿಗೆ ಹೆಡರ್ ಎನ್ನುತ್ತಾರೆ. ಅದರಲ್ಲಿ ಇದು ಎಷ್ಟನೇ ಬೈಟಿನಿಂದ ಶುರುವಾಗುವ ತುಂಡು ಎಂಬ ಲೆಕ್ಕ ಇರುತ್ತದೆ, ಪೋರ್ಟ್ ನಂಬರ್ ಇರುತ್ತದೆ. ಪೋರ್ಟ್ ಅಂದರೆ ಹಾಸ್ಟೆಲ್‌ನ ಕೋಣೆ ನಂಬರ್. ಕಂಪ್ಯೂಟರ್ ಒಂದೇ ಆದರೂ ಒಳಗೆ ಬ್ರೌಸರ್, ವಾಟ್ಸ್‌ಆ್ಯಪ್, ಪ್ರಿಂಟರ್ ತಂತ್ರಾಂಶ ಹೀಗೆ ಹಲವರು ಇರುತ್ತಾರಲ್ಲ, ಬಂದ ಗಂಟು ಯಾರ ಕೋಣೆಗೆ ಎಂದು ಹೇಳುವುದು ಪೋರ್ಟ್. ಈ ನಂಬರ್ 0ಯಿಂದ 65535ರ ವರೆಗೆ ಇರಬಹುದು. ಸುರಕ್ಷಿತ ವೆಬ್‌ಸೈಟ್‌ಗಳ ಸರ್ವರ್ 443ರಲ್ಲಿ ಕೂತಿರುತ್ತದೆ, ಹಳೆಯ ರೀತಿಯ ಬೀಗವಿಲ್ಲದ ವೆಬ್‌ಸೈಟ್‌ಗಳದು 80ರಲ್ಲಿ. ಈ ಎರಡು ಸಂಖ್ಯೆ ನೆನಪಿಡಿ, ನಿಮ್ಮ ಕಂಪ್ಯೂಟರ್ ವಿಚಾರಕ್ಕೆ ಬಂದಾಗ ಬೇಕಾಗುತ್ತವೆ.

ಟಿಸಿಪಿಯ ಕೆಳಗೆ ಐಪಿ. ಇದೂ ಕಾರ್ಯಾಚರಣೆ ವ್ಯವಸ್ಥೆಯಲ್ಲೇ ಇದೆ, ಜೊತೆಗೆ ದಾರಿಯ ಪ್ರತಿ ರೂಟರ್‌ನಲ್ಲೂ ಇದೆ. ಐಪಿ ಬರೆಯುವ ಚೀಟಿಯಲ್ಲಿ ಹೊರಟ ಊರು, ಸೇರಬೇಕಾದ ಊರು. ಅದರ ಕೆಳಗೆ ಈಥರ್ನೆಟ್ ಅಥವಾ ವೈಫೈ: ಇದು ನೆಟ್‌ವರ್ಕ್ ಕಾರ್ಡು ಮತ್ತು ಅದರ ಡ್ರೈವರ್‌ನ ಜಾಗ. ಈಥರ್ನೆಟ್ ಮುಂದೆ 14 ಬೈಟಿನ ಚೀಟಿ, ಹಿಂದೆ 4 ಬೈಟಿನ ತಪಾಸಣೆ ಲೆಕ್ಕ ಸೇರಿಸುತ್ತದೆ. ಎಲ್ಲಕ್ಕಿಂತ ಕೆಳಗೆ ತಾಮ್ರದ ತಂತಿಯ ವಿದ್ಯುತ್ತು, ಫೈಬರ್‌ನ ಬೆಳಕು, ಗಾಳಿಯ ರೇಡಿಯೊ ಅಲೆ. ಇದನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಬಹುದು.

ಅಂದರೆ ಎಲ್ಲ ಪದರಗಳೂ ಪೂರ್ತಿ ಇರುವುದು ಎರಡು ತುದಿಗಳಲ್ಲಿ, ನಿಮ್ಮ ಕಂಪ್ಯೂಟರ್‌ನಲ್ಲಿ ಮತ್ತು ಸರ್ವರ್‌ನಲ್ಲಿ. ನಡುವೆ ಇರುವ ಸ್ವಿಚ್ ಕೆಳಗಿನ ಎರಡನ್ನು ನೋಡುತ್ತದೆ, ರೂಟರ್ ಮೂರನ್ನು. ಪಹಣಿಯಲ್ಲಿ ಯಾರ ಹೊಲ ಇದೆ ಎಂಬುದು ದಾರಿಯಲ್ಲಿರುವ ಯಾವ ರೂಟರ್‌ನ ಕೆಲಸವೂ ಅಲ್ಲ. ಎಲ್ಲಿರುತ್ತವೆ ಎಂಬ ಪ್ರಶ್ನೆಗೆ ಇದೇ ಉತ್ತರ.

ಕಲಿಯುವವರು ಎಡವುವುದು ಎರಡು ವಿಳಾಸದ ವಿಷಯದಲ್ಲಿ. ನೆಟ್‌ವರ್ಕ್ ಕಾರ್ಡಿಗೆ ಸೇರಿದ ಮ್ಯಾಕ್ ವಿಳಾಸ ಒಂದಿದೆ, ಐಪಿ ವಿಳಾಸ ಒಂದಿದೆ, ಎರಡು ಯಾಕೆ? ಬುತ್ತಿಯನ್ನೇ ಮತ್ತೆ ನೋಡಿ. ಚೀಟಿಯ ಮೇಲಿನ 'ರಾಯಚೂರು' ಊರಿನಿಂದ ಹಾಸ್ಟೆಲ್‌ವರೆಗೆ ಬದಲಾಗಲಿಲ್ಲ. ಆದರೆ ಬಸ್ಸಿನ ಬೋರ್ಡು ಬದಲಾಯಿತು: ಮೊದಲ ಬಸ್ಸು ಊರಿನಿಂದ ಸಿಂಧನೂರಿಗೆ, ಎರಡನೆಯದು ಸಿಂಧನೂರಿನಿಂದ ರಾಯಚೂರಿಗೆ. ಐಪಿ ವಿಳಾಸ ಎಂದರೆ ಚೀಟಿ, ಮ್ಯಾಕ್ ವಿಳಾಸ ಎಂದರೆ ಆ ಒಂದು ಹಂತದ ಬಸ್ಸಿನ ಬೋರ್ಡು. ನಿಮ್ಮ ಕಂಪ್ಯೂಟರ್ ಕಳಿಸುವ ಗಂಟಿನ ಮೇಲೆ ಐಪಿ ಚೀಟಿಯಲ್ಲಿ ದೂರದ ಸರ್ವರ್‌ನ ವಿಳಾಸ ಇರುತ್ತದೆ, ಆದರೆ ಹೊರಗಿನ ಈಥರ್ನೆಟ್ ಚೀಟಿಯಲ್ಲಿ ಇರುವುದು ಸೆಂಟರ್‌ನ ಮೂಲೆಯಲ್ಲಿರುವ ರೂಟರ್‌ನ ಮ್ಯಾಕ್ ವಿಳಾಸ. ರೂಟರ್ ಹೊರಗಿನ ಚೀಟಿ ಹರಿದೆಸೆದು, ಒಳಗಿನ ಐಪಿ ಚೀಟಿ ಓದಿ, ಮುಂದಿನ ಹಂತಕ್ಕೆ ಹೊಸ ಹೊರಚೀಟಿ ಹಚ್ಚುತ್ತದೆ. ದಾರಿಯಲ್ಲಿ ಹತ್ತು ಹದಿನೈದು ರೂಟರ್ ಇದ್ದರೆ ಅಷ್ಟೂ ಸಲ ಹೊರಚೀಟಿ ಬದಲಾಗುತ್ತದೆ. ಮೊದಲ ಹಂತ ತಂತಿ, ಎರಡನೆಯದು ಫೈಬರ್, ಮೂರನೆಯದು ಸಮುದ್ರದಡಿಯ ಕೇಬಲ್ ಆಗಿರಬಹುದು, ಐಪಿಗೆ ಅದರ ಗೊಡವೆ ಇಲ್ಲ.

ರೂಟರ್‌ನ ಮ್ಯಾಕ್ ವಿಳಾಸ ನಿಮ್ಮ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ? ಕೂಗಿ ಕೇಳುತ್ತದೆ. "192.168.1.1 ಯಾರು?" ಎಂದು ಸೆಂಟರ್‌ನ ಒಳಗಿನ ಎಲ್ಲರಿಗೂ ಕೇಳಿಸುವಂತೆ ಕೇಳುತ್ತದೆ. "ನಾನು, ನನ್ನ ಮ್ಯಾಕ್ ಇದು" ಎಂದು ರೂಟರ್ ಉತ್ತರಿಸುತ್ತದೆ. ಇದಕ್ಕೆ ಎಆರ್‌ಪಿ ಎಂದು ಹೆಸರು. ಮ್ಯಾಕ್ ವಿಳಾಸದ ಬಳಕೆ ಈ ಕೂಗು ಕೇಳಿಸುವಷ್ಟು ದೂರಕ್ಕೆ ಮಾತ್ರ. ಅದರಾಚೆಗೆ ಐಪಿ ಬೇಕು.

ದಾರಿ ತಪ್ಪಿದ ಗಂಟು ಸುತ್ತುತ್ತಲೇ ಇದ್ದರೆ? ಅದಕ್ಕೂ ಉಪಾಯ ಮಾಡಿದ್ದಾರೆ. ಐಪಿ ಚೀಟಿಯಲ್ಲಿ ಆಯುಷ್ಯದ ಅಂಕಿ ಒಂದಿದೆ, ಟಿಟಿಎಲ್. ಹೊರಡುವಾಗ 64 ಅಥವಾ 128 ಇರುತ್ತದೆ, ಪ್ರತಿ ರೂಟರ್ ಒಂದೊಂದು ಕಳೆಯುತ್ತದೆ. ಸೊನ್ನೆಯಾದಾಗ ಆ ರೂಟರ್ ಗಂಟನ್ನು ಬಿಸಾಕಿ, ಸಾಮಾನ್ಯವಾಗಿ ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಟ್ರೇಸ್‌ರೂಟ್ ಎಂಬ ಆಜ್ಞೆ ಇದನ್ನೇ ಬಳಸಿಕೊಳ್ಳುತ್ತದೆ: ಬೇಕೆಂದೇ ಆಯುಷ್ಯ 1, 2, 3 ಎಂದು ಇಟ್ಟು ಕಳಿಸಿ, ಎಲ್ಲೆಲ್ಲಿ ಸತ್ತವು ಎಂಬ ಸುದ್ದಿಯಿಂದ ದಾರಿಯ ನಕ್ಷೆ ತೆಗೆಯುತ್ತದೆ. ಒಮ್ಮೆ ಮಾಡಿ ನೋಡಿ. ಸೆಂಟರ್‌ನಿಂದ ಹೊರಟ ಗಂಟು ಎಷ್ಟು ಕೈ ದಾಟುತ್ತದೆ ಎಂದು ಕಣ್ಣಾರೆ ಕಂಡರೆ ಕೆಳಗಿನಿಂದ ಮೂರನೇ ಪದರ, ಅಂದರೆ ಐಪಿ, ಮತ್ತೆ ಮರೆಯುವುದಿಲ್ಲ.

ಇನ್ನು, ಮುಟ್ಟಿಸುವ ಹೊಣೆ ಯಾರದು? ಐಪಿಯದಲ್ಲ. ಐಪಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಗಂಟು ಕಳೆಯಬಹುದು, ಎರಡು ಸಲ ಬರಬಹುದು, ಹಿಂದು ಮುಂದಾಗಿ ಬರಬಹುದು. ಬುತ್ತಿ ಮುಟ್ಟಿತೋ ಇಲ್ಲವೋ ಎಂದು ಕಂಡಕ್ಟರ್ ಅವ್ವನಿಗೆ ಫೋನ್ ಮಾಡುವುದಿಲ್ಲವಲ್ಲ, ಹಾಗೆ. ಫೋನ್ ಮಾಡುವವರು ನೀವು. ಸಂಜೆಯವರೆಗೂ ನಿಮ್ಮ ಫೋನ್ ಬರದಿದ್ದರೆ ಅವ್ವ ಇನ್ನೊಂದು ಬುತ್ತಿ ಕಟ್ಟುತ್ತಾಳೆ. ಟಿಸಿಪಿ ಮಾಡುವುದು ಇದನ್ನೇ: ಸೇರಿದ ತುಂಡುಗಳಿಗೆ 'ಇಲ್ಲಿವರೆಗೆ ಮುಟ್ಟಿತು' ಎಂಬ ಸುದ್ದಿ ವಾಪಸ್ ಹೋಗುತ್ತದೆ, ಸುದ್ದಿ ಬರದಿದ್ದರೆ ಕಳಿಸಿದವರು ಮತ್ತೆ ಕಳಿಸುತ್ತಾರೆ. ಹೊಣೆ ತುದಿಗಳ ಮೇಲೆ, ನಡುವೆ ಬರೀ ಸಾಗಾಟ. ಇಂಟರ್ನೆಟ್ಟಿನಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡ ತೀರ್ಮಾನ ಇದು.

ಈ ತೀರ್ಮಾನ ಒಮ್ಮೆಗೇ ಹೊಳೆದದ್ದೂ ಅಲ್ಲ. ಅಮೆರಿಕದ ವಿಜ್ಞಾನಿಗಳಾದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದಾಗ ಟಿಸಿಪಿ, ಐಪಿ ಎಂಬ ಭೇದವೇ ಇರಲಿಲ್ಲ, ಎರಡೂ ಒಂದೇ ಗಂಟು. ಅವರ ಮುಂದಿದ್ದ ಸಮಸ್ಯೆ ಏನೆಂದರೆ ತಂತಿಯ ಜಾಲ, ರೇಡಿಯೊ ಜಾಲ, ಉಪಗ್ರಹದ ಜಾಲ ಒಂದೊಂದೂ ಒಂದೊಂದು ತೆರ, ಇವುಗಳನ್ನು ಹೇಗೆ ಜೋಡಿಸುವುದು? 1977ರ ನವೆಂಬರ್ 22ರಂದು ಕ್ಯಾಲಿಫೋರ್ನಿಯಾದಲ್ಲಿ ಓಡುತ್ತಿದ್ದ ಒಂದು ವ್ಯಾನಿನಿಂದ ಹೊರಟ ಪ್ಯಾಕೆಟ್‌ಗಳು, ಅಂದರೆ ನಾವು ಗಂಟು ಎನ್ನುತ್ತಿರುವವು, ಈ ಮೂರೂ ಬಗೆಯ ಜಾಲ ದಾಟಿ ಹೋದವು. ಅಷ್ಟರಲ್ಲಿ ಧ್ವನಿ ಕಳಿಸಲು ಹೊರಟವರು ತಕರಾರು ಎತ್ತಿದ್ದರು. ಮಾತಿನಲ್ಲಿ ಒಂದು ಚೂರು ಕಳೆದರೆ ಕಳೆಯಲಿ, ಅದನ್ನು ಮತ್ತೆ ತರಿಸಿಕೊಳ್ಳುತ್ತ ಕೂತರೆ ಮಾತೇ ತಡವಾಗುತ್ತದೆ ಎಂಬುದು ಅವರ ಮಾತು. ಪದರಗಳನ್ನು ಕಲಸುತ್ತಿದ್ದೇವೆ, ಇದು ತಪ್ಪು ಎಂದು ಅದೇ ಕೆಲಸದಲ್ಲಿದ್ದ ಜಾನ್ ಪೋಸ್ಟೆಲ್ ಕೂಡ 1977ರಲ್ಲಿ ಬರೆದರು. 1978ರಲ್ಲಿ ಗಂಟು ಬಿಚ್ಚಿದರು: ಸಾಗಾಟ ಐಪಿಗೆ, ಹೊಣೆ ಟಿಸಿಪಿಗೆ. ಹೊಣೆ ಬೇಡದವರಿಗೆ ಯುಡಿಪಿ ಎಂಬ ಹಗುರ ದಾರಿ. ಇವತ್ತು ನೀವು ವಾಟ್ಸ್‌ಆ್ಯಪ್‌ನಲ್ಲಿ ಅವ್ವನ ಜೊತೆ ಮಾತಾಡುವಾಗ ಧ್ವನಿ ಸಾಮಾನ್ಯವಾಗಿ ಬರುವುದು ಯುಡಿಪಿಯ ಮೇಲೆ. ನಡುವೆ ಒಂದು ಶಬ್ದ ಕತ್ತರಿಸಿದರೂ ಮಾತು ನಿಲ್ಲುವುದಿಲ್ಲ. ಪಹಣಿಯಲ್ಲಿ ಒಂದು ಅಂಕಿ ಕಳೆದರೆ ನಡೆಯುತ್ತದೆಯೇ? ಅದಕ್ಕೆ ಟಿಸಿಪಿ. 1983ರ ಜನವರಿ 1ರಂದು, ಇಂಟರ್ನೆಟ್ಟಿಗೆ ಮೂಲವಾದ ಅಮೆರಿಕದ ಅರ್ಪಾನೆಟ್ ಜಾಲ ಪೂರ್ತಿಯಾಗಿ ಈ ಹೊಸ ಪದ್ಧತಿಗೆ ಹೊರಳಿತು.

ಹಾಗಾದರೆ ನಿಮ್ಮ ಏಳು ಪದರ ಎಲ್ಲಿಂದ ಬಂತು? ಅದು ಬೇರೆ ಮನೆಯದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1984ರಲ್ಲಿ ಪ್ರಕಟಿಸಿದ ಓಎಸ್‌ಐ ಮಾದರಿಯಲ್ಲಿ ಏಳು. ಇಂಟರ್ನೆಟ್ ಕಟ್ಟಿದವರು ಎಣಿಸಿದ್ದು ನಾಲ್ಕು. ಮೇಲಿನ ಮೂರನ್ನು, ಅಂದರೆ ಸೆಷನ್, ಪ್ರೆಸೆಂಟೇಷನ್, ಅಪ್ಲಿಕೇಷನ್ ಎಂಬವನ್ನು, ಅವರು ಒಂದೇ ಮಾಡಿ ತಂತ್ರಾಂಶ ಬರೆಯುವವರಿಗೆ ಬಿಟ್ಟರು. ಕೆಳಗಿನ ಎರಡನ್ನೂ ಒಂದೇ ಮಾಡಿದರು. ಹಾಗಾಗಿ ನಿಮ್ಮ ಕಂಪ್ಯೂಟರ್ ಒಳಗೆ 'ಸೆಷನ್ ಪದರ' ಎಂಬುದನ್ನು ಹುಡುಕಿದರೆ ಸಿಗುವುದಿಲ್ಲ. ಪರೀಕ್ಷೆಗೆ ಏಳು ಬರೆಯಿರಿ, ಅದು ಸರಿಯೇ. ಕೆಲಸಕ್ಕೆ ಕೂತಾಗ ತಂತಿ, ಕಾರ್ಡು, ಐಪಿ, ಟಿಸಿಪಿ, ತಂತ್ರಾಂಶ ಎಂದು ಐದು ಎಣಿಸಿ. ನಾನು ಹಾಗೆಯೇ ಎಣಿಸುತ್ತೇನೆ. ರಿಪೇರಿಗೆ ತಂತಿಯನ್ನು ಬೇರೆಯಾಗಿ ಎಣಿಸುವುದೇ ಒಳ್ಳೆಯದು.

ಟಿಸಿಪಿಗೆ ಇನ್ನೊಂದು ಕೆಲಸ ಇದೆ, ನಮ್ಮ ಭಾಗದವರಿಗೆ ಅದು ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ಭಾಗ ದಾಟಿ ಮಾನ್ವಿ, ರಾಯಚೂರು ಕಡೆ ಬರುತ್ತದೆ. ಮೇಲ್ಭಾಗದಲ್ಲಿ ಪಂಪ್‌ಸೆಟ್ ಹಚ್ಚಿ ಎಳೆದುಕೊಂಡರೆ ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ. ನೀರಿನ ಮಟ್ಟ ತೋರಿಸುವ ಗೇಜು ಕಾಯಬೇಕು, ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಆನ್ ಆ್ಯಂಡ್ ಆಫ್ ಮಾಡಬೇಕು, ಪ್ರತಿ ವರ್ಷ ಹೋರಾಟ. ಇಂಟರ್ನೆಟ್ಟಿಗೆ ಇಂಥದೇ ಸಂಕಟ ಬಂದದ್ದು 1986ರಲ್ಲಿ. ಅಮೆರಿಕದ ಬರ್ಕ್ಲಿಯಲ್ಲಿ ಒಂದು ಪ್ರಯೋಗಾಲಯ ಮತ್ತು ವಿಶ್ವವಿದ್ಯಾಲಯದ ನಡುವೆ, ಅರ್ಧ ಕಿಲೋಮೀಟರೂ ಇಲ್ಲದ ದೂರದಲ್ಲಿ, ಸೆಕೆಂಡಿಗೆ 32,000 ಬಿಟ್ ಓಡುತ್ತಿದ್ದ ದಾರಿ 40 ಬಿಟ್‌ಗೆ ಇಳಿಯಿತು. ಕಾರಣ ಸರಳ. ಗಂಟು ಕಳೆದಾಗ ಎಲ್ಲರೂ ಮತ್ತೆ ಮತ್ತೆ ಕಳಿಸಿದರು, ದಾರಿ ಇನ್ನಷ್ಟು ಕಟ್ಟಿತು, ಇನ್ನಷ್ಟು ಕಳೆಯಿತು, ಇನ್ನಷ್ಟು ಕಳಿಸಿದರು.

ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ ಕಾಲುವೆ ಕಾಯುವವರೇ ಇಲ್ಲ. ಪ್ರತಿ ಕಂಪ್ಯೂಟರೂ ತನ್ನ ಗೇಜನ್ನು ತಾನೇ ನೋಡಿಕೊಳ್ಳುತ್ತದೆ. ಮೊದಲು ಸ್ವಲ್ಪ ಕಳಿಸು, 'ಮುಟ್ಟಿತು' ಎಂಬ ಸುದ್ದಿ ಬಂದಂತೆ ಸುತ್ತಿನಿಂದ ಸುತ್ತಿಗೆ ಇಮ್ಮಡಿ ಮಾಡು. ಗಂಟು ಕಳೆಯಿತು ಎಂದರೆ ದಾರಿ ತುಂಬಿದೆ ಎಂದರ್ಥ, ಕೂಡಲೇ ತಗ್ಗಿಸು. ಈಗಿನ ವ್ಯವಸ್ಥೆಗಳಲ್ಲಿ ಮೊದಲ ಸುತ್ತಿಗೆ ಸಾಮಾನ್ಯವಾಗಿ 10 ತುಂಡು. ನಿಮ್ಮ ಪಹಣಿಯ 69 ತುಂಡುಗಳನ್ನು ಎಣಿಸಿ: 10, ಆಮೇಲೆ 20, ಆಮೇಲೆ ಉಳಿದ 39. ದಾರಿ ಚೆನ್ನಾಗಿದ್ದರೆ ಮೂರೇ ಸುತ್ತು. ಕೋಟಿಗಟ್ಟಲೆ ಕಂಪ್ಯೂಟರ್‌ಗಳು ಒಬ್ಬರ ಮುಖ ಒಬ್ಬರು ನೋಡದೆ ಹೀಗೆ ತಾವಾಗಿಯೇ ತಗ್ಗುತ್ತವೆ. ಕೊನೆ ಭಾಗದ ಹೊಲದಲ್ಲಿ ನಿಂತು ನೀರಿಗೆ ಕಾದು ಗೊತ್ತಿರುವ ಮನೆಯಿಂದ ಬಂದವನು ನಾನು, ಇದನ್ನು ಕಲಿಸುವಾಗಲೆಲ್ಲ ನನ್ನ ದನಿ ಬದಲಾಗುತ್ತದೆ.

ಕೆಳಗಿನ ಪದರ ಬದಲಾದರೆ ಮೇಲಿನದಕ್ಕೆ ತಿಳಿಯಬೇಕಿಲ್ಲ ಎಂಬುದನ್ನು ತೋರಿಸಲು ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಐಪಿ ಪ್ಯಾಕೆಟ್‌ಗಳನ್ನು ಪಾರಿವಾಳದ ಕಾಲಿಗೆ ಕಟ್ಟಿ ಕಳಿಸುವ ಕ್ರಮವನ್ನು 1990ರ ಏಪ್ರಿಲ್ 1ರಂದು ತಮಾಷೆಗೆ ಬರೆದಿದ್ದರು. 2001ರಲ್ಲಿ ನಾರ್ವೆಯ ಬರ್ಗನ್ ಊರಿನವರು ಅದನ್ನು ನಿಜವಾಗಿ ಮಾಡಿ ನೋಡಿದರು. 9 ಪ್ಯಾಕೆಟ್ ಕಳಿಸಿದರು, 4ಕ್ಕೆ ಉತ್ತರ ಬಂತು. 'ಇದ್ದೀಯಾ?' ಎಂದು ಗಂಟು ಕಳಿಸಿ ಉತ್ತರ ಕಾಯುವ ಪಿಂಗ್ ತಂತ್ರಾಂಶದಲ್ಲಿ ಒಂದಕ್ಷರ ಬದಲಿಸಬೇಕಾಗಲಿಲ್ಲ. ಪಂಚಾಯಿತಿಯ ಫೈಬರ್, ಅಣ್ಣನ ಮೊಬೈಲ್ ಹಾಟ್‌ಸ್ಪಾಟ್, ಸೆಂಟರ್‌ನ ಕೇಬಲ್, ಇವು ಮೂರರಲ್ಲೂ ಅದೇ ಪಹಣಿ ಅದೇ ಬ್ರೌಸರ್‌ಗೆ ಬರುವುದಕ್ಕೂ ಕಾರಣ ಇದೇ.

ಪದರದ ಗೋಡೆಗಳು ಎಲ್ಲೆಡೆ ಗಟ್ಟಿಯಾಗಿಲ್ಲ ಎಂಬುದನ್ನೂ ಹೇಳಬೇಕು. 32 ಬಿಟ್‌ನ ಐಪಿ ವಿಳಾಸಗಳು ಇರುವುದೇ ಸುಮಾರು 429 ಕೋಟಿ, ಜಗತ್ತಿಗೆ ಸಾಲಲಿಲ್ಲ. ಹಾಗಾಗಿ ನಿಮ್ಮ ಮೂರೂ ಕಂಪ್ಯೂಟರ್‌ಗಳು ಹೊರಗೆ ಒಂದೇ ವಿಳಾಸದಲ್ಲಿ ಕಾಣುತ್ತವೆ. ಯಾವ ಉತ್ತರ ಯಾವ ಕಂಪ್ಯೂಟರ್‌ಗೆ ಎಂದು ರೂಟರ್ ಪೋರ್ಟ್ ನಂಬರ್ ಓದಿ ಹಂಚುತ್ತದೆ, ಚೀಟಿಯಲ್ಲಿನ ವಿಳಾಸವನ್ನೂ ತಿದ್ದುತ್ತದೆ. ಮೂರನೇ ಪದರದವರು ನಾಲ್ಕನೆಯದರ ಚೀಟಿ ಓದಿದ ಹಾಗಾಯಿತು. 128 ಬಿಟ್‌ನ ಐಪಿವಿ6 ಬಂದಿರುವುದು ಈ ಇಕ್ಕಟ್ಟು ಬಿಡಿಸಲು.

ಇನ್ನು ರಿಪೇರಿ. ಪದರ ತಿಳಿದವರು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ದಿನಾ ಮಧ್ಯಾಹ್ನ ಎರಡಕ್ಕೆ ಬಿಲ್ಲಿಂಗ್ ನಿಲ್ಲುತ್ತಿತ್ತು, ಐದಕ್ಕೆ ತಾನಾಗಿ ಸರಿಹೋಗುತ್ತಿತ್ತು. ತಿಂಗಳುಗಟ್ಟಲೆ ತಂತ್ರಾಂಶದವರನ್ನು ಬೈದರು. ನಾನು ಹೋಗಿ ಮೊದಲು ನೋಡಿದ್ದು ತಗಡಿನ ಚಾವಣಿಯ ಕೆಳಗಿದ್ದ ಸ್ವಿಚ್‌ನ ದೀಪಗಳನ್ನು. ಬೇಸಿಗೆಯ ಬಿಸಿಲಿಗೆ ಅದು ಕಾದು ನಿಲ್ಲುತ್ತಿತ್ತು. ಕೆಳಗೆ ಇಳಿಸಿ ಗಾಳಿ ಆಡುವ ಕಡೆ ಇಟ್ಟೆವು, ಮುಗಿಯಿತು. ಇದಕ್ಕೆ ತಿರುಗುಮುರುಗು ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ನೋಡಿರುತ್ತೀರಿ. ಲಕ್ಷಾಂತರ ಜನ ಸೇರಿದಾಗ ಮೊಬೈಲ್‌ನಲ್ಲಿ ಟವರ್ ಪೂರ್ತಿ, ಫೋಟೋ ಮಾತ್ರ ಹೋಗುವುದಿಲ್ಲ. ಅಲೆ ಗಟ್ಟಿಯಾಗಿದೆ, ಆದರೆ ಆ ಅಲೆಯನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದಾರೆ. ಕಡ್ಡಿಗಳು ಹೇಳುವುದು ಕೆಳಗಿನ ಒಂದು ಪದರದ ಮಾತನ್ನು ಮಾತ್ರ.

ಈಗ ನಿಮ್ಮ ಹಳೆಯ ಕಂಪ್ಯೂಟರ್. ಕೇಬಲ್ ಸಿಕ್ಕಿಸಿದ ಕಡೆ ದೀಪ ಮಿನುಗುತ್ತಿದೆಯೇ? ಮಿನುಗಿದರೆ ತಂತಿ ಸರಿ. ಐಪಿಕಾನ್ಫಿಗ್ ಆಜ್ಞೆ ಕೊಟ್ಟರೆ 192.168ರಿಂದ ಶುರುವಾಗುವಂಥ ವಿಳಾಸ ಬರುತ್ತಿದೆಯೇ? 169.254 ಎಂದು ಬಂದರೆ ರೂಟರ್ ವಿಳಾಸ ಕೊಟ್ಟಿಲ್ಲ ಎಂದರ್ಥ, ಅಲ್ಲೇ ನಿಲ್ಲಿ. ರೂಟರ್‌ಗೆ ಪಿಂಗ್ ಹೋಗುತ್ತಿದೆಯೇ? ಹೊರಗಿನ ಗೂಗಲ್ ಸರ್ವರ್‌ನ ವಿಳಾಸವಾದ 8.8.8.8ಕ್ಕೆ ಹೋಗುತ್ತಿದೆಯೇ? ಹೋದರೆ ಮೂರನೇ ಪದರದವರೆಗೂ ಹೊರಗಿನ ದಾರಿ ಸರಿ. ಎನ್‌ಎಸ್‌ಲುಕಪ್ ಆಜ್ಞೆಗೆ ವೆಬ್‌ಸೈಟಿನ ಹೆಸರು ಕೊಟ್ಟರೆ ಐಪಿ ವಿಳಾಸ ಬರುತ್ತಿದೆಯೇ? ಹೆಸರನ್ನು ವಿಳಾಸವಾಗಿ ಮಾಡಿಕೊಡುವ ಡಿಎನ್‌ಎಸ್ ಕೆಟ್ಟಾಗ ಇಡೀ ಇಂಟರ್ನೆಟ್ ಸತ್ತಂತೆ ಕಾಣುತ್ತದೆ, ಪಿಂಗ್ ಮಾತ್ರ ಹೋಗುತ್ತಿರುತ್ತದೆ.

ನಿಮ್ಮಲ್ಲಿ ಇವೆಲ್ಲ ಸರಿ ಇದ್ದವು ಎಂದು ನಾನು ಇಲ್ಲಿ ಕೂತೇ ಹೇಳಬಲ್ಲೆ. ಸೂಚನೆಯನ್ನು ಮತ್ತೆ ಓದಿ: ಸಂಪರ್ಕ ಸಿಗುತ್ತಿಲ್ಲ ಎಂದು ಬಂದಿಲ್ಲ, ಸುರಕ್ಷಿತವಲ್ಲ ಎಂದು ಬಂದಿದೆ. ಸುರಕ್ಷಿತವೋ ಅಲ್ಲವೋ ಎಂದು ತೀರ್ಮಾನಿಸಬೇಕಾದರೆ ಆ ಕಡೆಯಿಂದ ಏನಾದರೂ ಬಂದಿರಬೇಕಲ್ಲವೇ? ಬಂದದ್ದು ಪ್ರಮಾಣಪತ್ರ. ಟಿಸಿಪಿ ಮತ್ತು ಬ್ರೌಸರ್‌ನ ಭಾಷೆ ಇವೆರಡರ ನಡುವೆ ಬೀಗ ಹಾಕುವ ಟಿಎಲ್‌ಎಸ್ ಎಂಬ ಪದರ ಇದೆ, ಸರ್ವರ್‌ನ ಗುರುತಿನ ಪತ್ರ ನೋಡುವುದು ಅಲ್ಲಿ. ಆ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಬ್ರೌಸರ್‌ಗಳು ಹೊಸ ಪತ್ರಗಳ ಅವಧಿಗೆ 398 ದಿನದ ಮಿತಿ ಹಾಕಿದವು. ಅವಧಿ ನೋಡಲು ಬ್ರೌಸರ್ ಯಾವ ಗಡಿಯಾರ ನೋಡುತ್ತದೆ? ನಿಮ್ಮ ಕಂಪ್ಯೂಟರ್‌ನದೇ.

ಕರೆಂಟ್ ಹೋಗಿ ಬಂದ ಮೇಲೆ, ಹಳೆಯದರಲ್ಲಿ ಮಾತ್ರ, ಎಲ್ಲ ವೆಬ್‌ಸೈಟ್‌ಗೂ. ಈ ಮೂರೂ ಸೇರಿದರೆ ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಎಚ್ಚರಗೊಳ್ಳುತ್ತದೆ. ಆ ತಾರೀಖಿಗೆ ಇವತ್ತಿನ ಪ್ರಮಾಣಪತ್ರಗಳು ಹುಟ್ಟಿಯೇ ಇರುವುದಿಲ್ಲ, ಬ್ರೌಸರ್ ಒಂದನ್ನೂ ನಂಬುವುದಿಲ್ಲ. ಪರೀಕ್ಷೆ ಮಾಡುವ ದಾರಿ ಇದೆ: 80ನೇ ಪೋರ್ಟಿನ, ಬೀಗವಿಲ್ಲದ ಯಾವುದಾದರೂ ಹಳೆಯ ವೆಬ್‌ಸೈಟ್ ಸಿಕ್ಕರೆ ತೆರೆದು ನೋಡಿ. ಅದು ತೆರೆದು, 443ರ ಯಾವುದೂ ತೆರೆಯದಿದ್ದರೆ ಟಿಸಿಪಿಯವರೆಗೆ ಎಲ್ಲ ಸರಿ, ತೊಂದರೆ ಬೀಗದಲ್ಲೇ ಇದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಆ ಸೂಚನೆ ದಾಟಿ ಮುಂದೆ ಹೋಗುವ ಗುಂಡಿ ಕಂಡರೂ ಒತ್ತಬೇಡಿ. ಸೆಂಟರ್‌ನಲ್ಲಿ ಜನರ ಆಧಾರ್, ಬ್ಯಾಂಕಿನ ವಿವರ ಟೈಪ್ ಮಾಡುವವರು ನೀವು.

ಮೊದಲು ಪರದೆಯ ಮೂಲೆಯ ತಾರೀಖು ನೋಡಿ. ವರ್ಷವನ್ನೂ ನೋಡಿ, ಗಂಟೆ ಸರಿ ಕಂಡು ವರ್ಷ ತಪ್ಪಿರುವುದು ಉಂಟು. ತಪ್ಪಿದ್ದರೆ ಸರಿಮಾಡಿ ಬ್ರೌಸರ್ ಮುಚ್ಚಿ ತೆರೆಯಿರಿ, ಅಷ್ಟಕ್ಕೇ ಕೆಲಸ ನಡೆಯುತ್ತದೆ. ಆಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಬ್ಯಾಟರಿ ಬದಲಿಸಿ. ಸಾಮಾನ್ಯವಾಗಿ ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಹಾಕುವಾಗ ಅಧಿಕ ಚಿಹ್ನೆಯ ಮುಖ ಮೇಲಿರಲಿ. ತಾರೀಖು ಸರಿ ಇದ್ದೂ ಹೀಗೇ ಬಂದರೆ, ಸೂಚನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಂಕೇತದ ಸಾಲು ಇರುತ್ತದೆ. ಅದನ್ನು ಇದ್ದ ಹಾಗೇ ಬರೆದು ಕಳಿಸಿ, ಅಲ್ಲಿಂದ ಮುಂದೆ ನೋಡೋಣ.